20 ಮಹಿಳೆಯರು ಕಾಣೆಯಾದರೂ ಆರು ವರ್ಷ ಯಾರಿಗೂ ಅನುಮಾನ ಬರಲಿಲ್ಲ, ಏಕೆ? ಸರಣಿ ಹಂತಕರ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿ

‘ಪ್ಯಾರಿಸ್ಸಿನ ರಾಕ್ಷಸ ಡಾಕ್ಟರ್’, ‘ಸೈನೈಡ್ ಕೊಟ್ಟು 20 ಹೆಣ್ಣುಮಕ್ಕಳನ್ನು ಕೊಂದ ಮೇಷ್ಟ್ರು’, ‘ಪೊಲೀಸರಿಗೇ ಚಳ್ಳೆಹಣ್ಣು ತಿನ್ನಿಸಿದ ಮಹಾಬುದ್ಧಿವಂತ ಕೊಲೆಗಾರ’. ಇಂತಹ ತಲೆಬರಹದ ಕಥೆಗಳು ವಾಟ್ಸಾಪ್ ಗುಂಪುಗಳಲ್ಲಿ, ಯೂಟ್ಯೂಬ್‌ನಲ್ಲಿ ಸದಾ ಸುತ್ತುತ್ತಿರುತ್ತವೆ. ಓದಲು ಮೈ ಜುಮ್ಮೆನ್ನುತ್ತದೆ, ಅದಕ್ಕೇ ನಾವು ಮುಂದಕ್ಕೆ ಕಳಿಸುತ್ತೇವೆ. ಈ ಕಥೆಗಳೆಲ್ಲ ಪೂರ್ತಿ ಸುಳ್ಳಲ್ಲ. ಆದರೆ ಎಲ್ಲದರ ನಾಯಕ ಕೊಲೆಗಾರನೇ. ಇಷ್ಟು ಜನ ಒಬ್ಬರ ಹಿಂದೊಬ್ಬರು ಮಾಯವಾಗುತ್ತಿದ್ದಾಗ ಮನೆಯವರು, ಊರಿನವರು, ಪೊಲೀಸರು ಏನು ಅಂದುಕೊಂಡಿದ್ದರು ಎಂಬ ಮುಖ್ಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಲು ಈ ಲೇಖನದಲ್ಲಿ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪ್ಯಾರಿಸ್‌ನದು. ಇನ್ನೊಂದು ನಮ್ಮದೇ ಕರಾವಳಿಯದು.

ಚುಟುಕಾಗಿ ಹೇಳುವುದಾದರೆ

- ಸರಣಿ ಹಂತಕರು ವರ್ಷಗಟ್ಟಲೆ ಸಿಗದೇ ಇರುವುದಕ್ಕೆ ಅವರ ಬುದ್ಧಿವಂತಿಕೆಗಿಂತ ನಮ್ಮ ಉದಾಸೀನ ದೊಡ್ಡ ಕಾರಣ.
- ಅವರು ಆರಿಸಿಕೊಳ್ಳುವುದು ಕಾಣೆಯಾದರೂ ಯಾರೂ ಗಟ್ಟಿಯಾಗಿ ಕೇಳದಂತಹ ಜನರನ್ನು.
- ಕಾಣೆಯಾದವರ ಬಗ್ಗೆ ದೂರು ಕೊಡಲು 24 ಗಂಟೆ ಕಾಯಬೇಕೆಂಬ ಕಾನೂನು ಇಲ್ಲ.
- ಹಂತಕ ‘ಹೊರಗಿನವನು’ ಎಂದು ನಂಬಿ ಹರಡಿದ ವದಂತಿಗಳು ಕರ್ನಾಟಕದಲ್ಲೇ ಅಮಾಯಕರ ಜೀವ ತೆಗೆದಿವೆ.

ಪ್ಯಾರಿಸ್, 1941–44: ಪಾರು ಮಾಡುತ್ತೇನೆಂದ ಡಾಕ್ಟರ್

1940ರ ಜೂನ್ 14ರಂದು ಜರ್ಮನ್ ಸೇನೆ ಪ್ಯಾರಿಸ್ ನಗರವನ್ನು ವಶಪಡಿಸಿಕೊಂಡಿತು. ಕರ್ಫ್ಯೂ, ರೇಷನ್, ಗೆಸ್ಟಾಪೊ ಎಂಬ ರಹಸ್ಯ ಪೊಲೀಸರ ಭಯ ದಿನನಿತ್ಯದ ಮಾತಾಯಿತು. ಯಹೂದಿಗಳ ಪಾಡಂತೂ ಹೇಳತೀರದು. 1942ರ ಜುಲೈ 16 ಮತ್ತು 17, ಎರಡೇ ದಿನಗಳಲ್ಲಿ ಪ್ಯಾರಿಸ್ ಮತ್ತು ಸುತ್ತಮುತ್ತ ಸುಮಾರು 13,000 ಯಹೂದಿಗಳನ್ನು ಬಂಧಿಸಲಾಯಿತು. ಹೇಗಾದರೂ ಮಾಡಿ ದೇಶ ಬಿಟ್ಟು ಹೋಗಬೇಕು, ಎಷ್ಟು ದುಡ್ಡಾದರೂ ಸರಿ ಎಂದು ಸಾವಿರಾರು ಜನ ದಾರಿ ಹುಡುಕುತ್ತಿದ್ದರು.

ಅಂಥವರ ಕಿವಿಗೆ ‘ಡಾಕ್ಟರ್ ಯೂಜೀನ್’ ಎಂಬ ಹೆಸರು ಬಿತ್ತು. ತಲಾ 25,000 ಫ್ರಾಂಕ್ ಕೊಟ್ಟರೆ ಗುಪ್ತವಾಗಿ ಗಡಿ ದಾಟಿಸಿ ಅರ್ಜೆಂಟೀನಾಕ್ಕೆ ತಲುಪಿಸುವ ಜಾಲ ತನ್ನಲ್ಲಿದೆ ಎಂದು ಅವನು ನಂಬಿಸುತ್ತಿದ್ದ. ಅವನ ನಿಜವಾದ ಹೆಸರು ಮಾರ್ಸೆಲ್ ಪೆಟಿಯೊ. ವೈದ್ಯಕೀಯ ಪದವಿ ಇದ್ದ, ರೋಗಿಗಳು ಮೆಚ್ಚುತ್ತಿದ್ದ ಡಾಕ್ಟರ್. ಹಿಂದೆ ಒಂದು ಸಣ್ಣ ಊರಿಗೆ ಮೇಯರ್ ಕೂಡ ಆಗಿದ್ದ.

ಹೊರಡುವವರಿಗೆ ಅವನು ಕೊಡುತ್ತಿದ್ದ ಸೂಚನೆಗಳು ಇಷ್ಟೇ: ಬೆಲೆಬಾಳುವುದನ್ನೆಲ್ಲ ಜೊತೆಗೆ ತನ್ನಿ, ಯಾರಿಗೂ ಹೇಳಬೇಡಿ, ಅರ್ಜೆಂಟೀನಾದವರು ಲಸಿಕೆ ಹಾಕಿಸಿಕೊಂಡವರನ್ನೇ ಒಳಗೆ ಬಿಡುವುದು, ಆದ್ದರಿಂದ ಒಂದು ಇಂಜೆಕ್ಷನ್ ತಗೊಳ್ಳಿ. ಆ ‘ಲಸಿಕೆ’ಯ ನಂತರ ಅವರು ಮತ್ತೆ ಯಾರಿಗೂ ಕಾಣಿಸಲಿಲ್ಲ. ಚುಚ್ಚಿದ್ದು ಸೈನೈಡ್ ಎಂಬ ನಂಬಿಕೆ ಬಲವಾಗಿದೆ. ಆದರೆ ಸಿಕ್ಕ ದೇಹಗಳು ಆ ಸ್ಥಿತಿಯಲ್ಲಿದ್ದುದರಿಂದ ಸಾವಿನ ಕಾರಣವನ್ನು ಪರೀಕ್ಷೆಯಿಂದ ಖಚಿತಪಡಿಸಲು ಆಗಲಿಲ್ಲ.

1944ರ ಮಾರ್ಚ್ 11ರಂದು ರ್‍ಯೂ ಲೆ ಸ್ಯೂರ್ ಎಂಬ ಬೀದಿಯ 21ನೇ ನಂಬರಿನ ಮನೆಯ ಚಿಮಣಿಯಿಂದ ಬರುತ್ತಿದ್ದ ದುರ್ವಾಸನೆಯ ಹೊಗೆ ತಾಳಲಾರದೆ ನೆರೆಯವರು ದೂರು ಕೊಟ್ಟರು. ಅಗ್ನಿಶಾಮಕದವರು ಕಿಟಕಿಯಿಂದ ಒಳಗಿಳಿದರು. ನೆಲಮಾಳಿಗೆಯ ಒಲೆಯಲ್ಲಿ, ಸುಣ್ಣದ ಗುಂಡಿಯಲ್ಲಿ ಮನುಷ್ಯರ ಅವಶೇಷಗಳಿದ್ದವು.

ಆಮೇಲೆ ನಡೆದದ್ದನ್ನು ಗಮನಿಸಿ. ಪೆಟಿಯೊ ಸೈಕಲ್ ತುಳಿದುಕೊಂಡು ಅಲ್ಲಿಗೇ ಬಂದ. ಇವೆಲ್ಲ ಜರ್ಮನ್ನರ ಮತ್ತು ದೇಶದ್ರೋಹಿಗಳ ಹೆಣಗಳು, ನಾನು ಗುಪ್ತ ಪ್ರತಿರೋಧ ಪಡೆಯವನು ಎಂದು ಪೊಲೀಸರಿಗೆ ಹೇಳಿದ. ಅವರು ನಂಬಿ ಅವನನ್ನು ಬಿಟ್ಟುಬಿಟ್ಟರು! ಏಳು ತಿಂಗಳಿಗೂ ಹೆಚ್ಚು ಕಾಲ ಅವನು ತಲೆಮರೆಸಿಕೊಂಡಿದ್ದ. ಪ್ಯಾರಿಸ್ ಬಿಡುಗಡೆಯಾದ ಮೇಲೆ ಬೇರೆ ಹೆಸರಿನಲ್ಲಿ ಫ್ರೆಂಚ್ ಪಡೆಯನ್ನೂ ಸೇರಿಕೊಂಡ. ತನ್ನನ್ನು ಜರ್ಮನ್ನರ ಆಳು ಎಂದು ಬರೆದ ಪತ್ರಿಕೆಗೆ ಸಿಟ್ಟಿನಿಂದ ಕೈಬರಹದ ಉತ್ತರ ಕಳಿಸಿದ್ದೇ ಅವನಿಗೆ ಮುಳುವಾಯಿತು. 1944ರ ಅಕ್ಟೋಬರ್ 31ರಂದು ಒಂದು ಮೆಟ್ರೊ ನಿಲ್ದಾಣದಲ್ಲಿ ಸಿಕ್ಕಿಬಿದ್ದ. 27 ಕೊಲೆಗಳ ಆರೋಪದಲ್ಲಿ 26 ಸಾಬೀತಾದವು. 1946ರ ಮೇ 25ರಂದು ಗಿಲೊಟಿನ್‌ಗೆ ತಲೆಕೊಟ್ಟ.

ಫಾರ್ವರ್ಡ್‌ಗಳಲ್ಲಿ ಬರುವ ‘63 ಕೊಲೆ’ ಎಂಬ ಲೆಕ್ಕ ಎಲ್ಲಿಯದು? ಅದು ಪೆಟಿಯೊ ತಾನೇ ಹೇಳಿಕೊಂಡದ್ದು, ಅದೂ ‘ದೇಶದ ಶತ್ರುಗಳನ್ನು ಕೊಂದೆ’ ಎಂಬ ಜಂಬದೊಂದಿಗೆ. ಕೊಲೆಗಾರನ ಬಡಾಯಿಯನ್ನು ನಾವು ಅಂಕಿಅಂಶವೆಂದು ಹಂಚುತ್ತಿದ್ದೇವೆ.

ಅಷ್ಟು ಜನ ಮಾಯವಾದರೂ ಅನುಮಾನ ಯಾಕೆ ಬರಲಿಲ್ಲ? ಯುದ್ಧದ ಪ್ಯಾರಿಸ್‌ನಲ್ಲಿ ಕಾಣೆಯಾಗುವುದಕ್ಕೆ ಸಿದ್ಧ ಉತ್ತರಗಳಿದ್ದವು. ‘ಗೆಸ್ಟಾಪೊದವರು ಎತ್ತಿಕೊಂಡು ಹೋಗಿರಬೇಕು’ ಅಥವಾ ‘ಪುಣ್ಯಕ್ಕೆ ಪಾರಾಗಿ ಹೋಗಿರಬೇಕು’. ಎರಡರಲ್ಲಿ ಯಾವುದೇ ಆದರೂ ಮನೆಯವರು ಪೊಲೀಸರ ಬಳಿ ಹೋಗುವಂತಿರಲಿಲ್ಲ. ಹೋದರೆ ಉಳಿದವರಿಗೂ ಅಪಾಯ. ಆ ಮೌನವನ್ನೇ ಪೆಟಿಯೊ ಬಂಡವಾಳ ಮಾಡಿಕೊಂಡ.

ಕರಾವಳಿ, 2003–09: ಮದುವೆಯಾಗುತ್ತೇನೆಂದ ಮೇಷ್ಟ್ರು

ಈಗ ನಮ್ಮ ರಾಜ್ಯಕ್ಕೆ ಬರೋಣ. ಇಲ್ಲಿ ಯುದ್ಧವಿರಲಿಲ್ಲ, ಕರ್ಫ್ಯೂ ಇರಲಿಲ್ಲ. ಆದರೂ ಮಾಯವಾದವರ ಬಗ್ಗೆ ಒಂದು ಸಿದ್ಧ ಉತ್ತರ ನಮ್ಮಲ್ಲೂ ಇತ್ತು.

ಮೋಹನ್ ಕುಮಾರ್ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಕನ್ಯಾನದವನು. ಒಂದು ಕಾಲದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕ. ಮುಂದೆ ಪತ್ರಿಕೆಗಳು ಅವನಿಗೆ ‘ಸೈನೈಡ್ ಮೋಹನ್’ ಎಂದು ಹೆಸರಿಟ್ಟವು. 20 ಮಹಿಳೆಯರ ಕೊಲೆ ಪ್ರಕರಣಗಳಲ್ಲಿ ಅವನು ವಿಚಾರಣೆ ಎದುರಿಸಿದ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗ ಮಾಡುವುದನ್ನು ನಮ್ಮ ಕಾನೂನು ನಿಷೇಧಿಸಿದೆ. ಆದ್ದರಿಂದ ಈ ಲೇಖನದಲ್ಲಿ ಯಾವ ಮಹಿಳೆಯ ಹೆಸರೂ ಇಲ್ಲ. ಅವರ ಫೋಟೊ, ಹೆಸರು, ಊರು ಇರುವ ಫಾರ್ವರ್ಡ್ ನಿಮಗೆ ಬಂದಿದ್ದರೆ ಅದನ್ನು ಮುಂದೆ ಕಳಿಸಬೇಡಿ.

ನ್ಯಾಯಾಲಯದ ಮುಂದೆ ಬಂದ ವಿವರಗಳಲ್ಲಿ ಒಂದೇ ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಬಡ ಕುಟುಂಬದ, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳನ್ನು ಅವನು ಪರಿಚಯ ಮಾಡಿಕೊಳ್ಳುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳುತ್ತಿದ್ದ. ಸರ್ಕಾರಿ ನೌಕರಿಯಿದೆ, ನಿಮ್ಮದೇ ಜಾತಿ, ವರದಕ್ಷಿಣೆ ಬೇಡ ಎನ್ನುತ್ತಿದ್ದ. ಮದುವೆಗೆಂದು ದೂರದ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ಉಳಿಸುತ್ತಿದ್ದ. ಮರುದಿನ ಬೆಳಿಗ್ಗೆ ಹೊರಗೆ ಹೋಗುವಾಗ ಒಡವೆಗಳನ್ನು ರೂಮಿನಲ್ಲೇ ಬಿಟ್ಟು ಬಾ ಎಂದು ಹೇಳುತ್ತಿದ್ದ. ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದಿರಲು ಎಂದು ಒಂದು ಮಾತ್ರೆ ಕೈಗಿತ್ತು, ಇದನ್ನು ಶೌಚಾಲಯದ ಒಳಗೆ ಹೋಗಿ ತಗೋ ಎನ್ನುತ್ತಿದ್ದ. ಅದರಲ್ಲಿ ಸೈನೈಡ್ ಇರುತ್ತಿತ್ತು. ಆಕೆ ಒಳಗೆ ಕುಸಿಯುತ್ತಿದ್ದಂತೆ ಅವನು ಲಾಡ್ಜಿಗೆ ವಾಪಸ್ ಹೋಗಿ ಒಡವೆ ಎತ್ತಿಕೊಂಡು ಮಾಯವಾಗುತ್ತಿದ್ದ.

ಬಸ್ ನಿಲ್ದಾಣದ ಸಿಬ್ಬಂದಿಗೆ ಕಾಣುತ್ತಿದ್ದದ್ದು ಏನು? ಮಹಿಳೆಯರ ಶೌಚಾಲಯ, ಒಳಗಿನಿಂದ ಹಾಕಿದ ಚಿಲಕ, ಗುರುತು ಸಿಗದ ಒಂದು ಹೆಣ. ಗಂಡಸು ಆಸುಪಾಸಿನಲ್ಲೇ ಇಲ್ಲ. ಮೈಮೇಲೆ ಗಾಯವಿಲ್ಲ. ಆತ್ಮಹತ್ಯೆ ಇರಬೇಕು ಅಂದುಕೊಂಡು ಅಸ್ವಾಭಾವಿಕ ಸಾವು ಎಂಬ ಪ್ರಕರಣ ದಾಖಲಾಗುತ್ತಿತ್ತು. ವಾರಸುದಾರರು ಬರದಿದ್ದರೆ ಅಲ್ಲಿಗೆ ಕಡತ ತಣ್ಣಗಾಗುತ್ತಿತ್ತು. ಹೀಗೆ ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ, ಹಾಸನದಲ್ಲಿ ಬೇರೆಬೇರೆ ಠಾಣೆಗಳಲ್ಲಿ ಬೇರೆಬೇರೆ ಕಡತಗಳು ಸೇರುತ್ತಾ ಹೋದವು. ಅಕ್ಕಪಕ್ಕ ಇಟ್ಟು ನೋಡಿದವರಿಲ್ಲ.

ಅತ್ತ ಊರಲ್ಲಿ? ‘ಯಾರ ಜೊತೆಗೋ ಓಡಿಹೋದಳು.’ ನಮ್ಮ ಸಿದ್ಧ ಉತ್ತರ ಇದೇ. ಈ ಒಂದು ಮಾತಿನಿಂದ ಹುಡುಕಾಟ ನಿಲ್ಲುತ್ತಿತ್ತು. ಮಾನ ಹೋಗುತ್ತದೆಂದು ಕೆಲವು ಮನೆಗಳು ದೂರೇ ಕೊಡುವುದಿಲ್ಲ. ಕೊಟ್ಟರೂ ‘ನಾಲ್ಕು ದಿನ ನೋಡಿ, ಬರ್ತಾಳೆ’ ಎಂಬ ಸಮಾಧಾನ ಸಿಗುತ್ತದೆ.

ವದಂತಿಯಿಂದ ಶುರುವಾಗಿ ಫೋನಿನಲ್ಲಿ ಮುಗಿದ ತನಿಖೆ

2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ 22 ವರ್ಷದ ಯುವತಿಯೊಬ್ಬಳು ಕಾಣೆಯಾದಳು. ಬೇರೆ ಧರ್ಮದ ಹುಡುಗನ ಜೊತೆ ಓಡಿಹೋಗಿದ್ದಾಳೆಂಬ ವದಂತಿ ಹಬ್ಬಿತು. ಜನ ಠಾಣೆಯ ಮುಂದೆ ಸೇರಿ ಗಲಾಟೆ ಮಾಡಿದರು. ಪೊಲೀಸರ ಮೇಲೆ ಒತ್ತಡ ಬಿತ್ತು, ಫೋನ್ ಕರೆಗಳ ವಿವರ ತೆಗೆಸಿದರು.

ಆ ಯುವತಿ ಹೆಚ್ಚಾಗಿ ಮಾತಾಡುತ್ತಿದ್ದ ನಂಬರು ಇನ್ನೊಬ್ಬ ಮಹಿಳೆಯದಾಗಿತ್ತು. ವಿಚಾರಿಸಿದರೆ ಆಕೆಯೂ ಕಾಣೆಯಾಗಿದ್ದಳು. ಆಕೆಯ ಕರೆಗಳ ಜಾಡು ಹಿಡಿದರೆ ಮತ್ತೊಬ್ಬ ಮಹಿಳೆಯ ನಂಬರು, ಆಕೆಯೂ ಕಾಣೆ. ಕೊಂದವರ ಫೋನು, ಸಿಮ್ಮುಗಳನ್ನೇ ಅವನು ಮುಂದಿನವರೊಂದಿಗೆ ಮಾತಾಡಲು ಬಳಸುತ್ತಿದ್ದ. ಕೊನೆಗೆ ಮಂಗಳೂರು ಹತ್ತಿರದ ದೇರಳಕಟ್ಟೆಯಲ್ಲಿ ಚಾಲೂ ಇದ್ದ ಒಂದು ಫೋನಿನಿಂದ ಪೊಲೀಸರು ಮೋಹನ್‌ನ ಬಂಧುವಿನ ಬಳಿಗೆ, ಅಲ್ಲಿಂದ ಅವನ ಬಳಿಗೆ ತಲುಪಿದರು. 2009ರ ಅಕ್ಟೋಬರ್ 21ರಂದು ಬಂಧನವಾಯಿತು.

ಆ ವದಂತಿಯಲ್ಲಿ ಬೊಟ್ಟು ಮಾಡಿದ್ದು ಒಬ್ಬ ಕಾಲ್ಪನಿಕ ‘ಹೊರಗಿನ’ ಹುಡುಗನ ಕಡೆಗೆ. ನಿಜವಾದ ಕೊಲೆಗಾರ ‘ನಾನು ನಿಮ್ಮ ಜಾತಿಯವನೇ’ ಎಂದು ಹೇಳಿಕೊಂಡೇ ಬಂದಿದ್ದ. ಹೊರಗಿನವರ ಬಗ್ಗೆ ಎಚ್ಚರ ಹೇಳಿ ಬೆಳೆಸಿದ ಹೆಣ್ಣುಮಕ್ಕಳಿಗೆ ಆ ಎಚ್ಚರ ಇಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ.

2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲು ತೀರ್ಮಾನವಾದ ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. 22 ವರ್ಷದ ಆ ಯುವತಿಯ ಪ್ರಕರಣದ ಮರಣದಂಡನೆಯನ್ನು ಹೈಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಬದುಕಿರುವವರೆಗೂ ಜೈಲು ಎಂದು ಬದಲಿಸಿತು. ಕೊನೆಯ, 20ನೇ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ: ಕಾಸರಗೋಡು ಕಡೆಯ ಯುವತಿಯ ಕೊಲೆಗೆ ಜೀವಾವಧಿ ಶಿಕ್ಷೆ. ಬಂಧನದಿಂದ ಕೊನೆಯ ತೀರ್ಪಿನವರೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಎರಡರಲ್ಲೂ ಒಂದೇ ನಾಲ್ಕು ಮೆಟ್ಟಿಲು

ಪೆಟಿಯೊ ಮತ್ತು ಮೋಹನ್ ನಡುವೆ ಆರು ದಶಕಗಳ ಅಂತರವಿದೆ. ಆದರೂ ಇಬ್ಬರ ದಾರಿ ಒಂದೇ.

1. ತೀರಾ ಅಗತ್ಯದಲ್ಲಿರುವವರನ್ನು ಹುಡುಕುವುದು. ಅಲ್ಲಿ ಜೀವ ಉಳಿಸಿಕೊಳ್ಳುವ ಅಗತ್ಯ, ಇಲ್ಲಿ ಮದುವೆಯ ಅಗತ್ಯ.
2. ಗುಟ್ಟು ಮಾಡಿಸುವುದು. ‘ಯಾರಿಗೂ ಹೇಳಬೇಡ, ಹೇಳಿದರೆ ಕೆಲಸ ಕೆಡುತ್ತದೆ.’
3. ಇದ್ದಬದ್ದ ಒಡವೆ, ದುಡ್ಡು ತರಿಸುವುದು.
4. ಔಷಧಿಯ ನೆಪದಲ್ಲಿ ವಿಷ ಕೊಡುವುದು. ಡಾಕ್ಟರ್, ಮೇಷ್ಟ್ರು ಎಂದರೆ ನಮಗೆ ಗೌರವ. ಅವರು ಕೊಟ್ಟದ್ದನ್ನು ಪ್ರಶ್ನೆ ಮಾಡುವ ಅಭ್ಯಾಸ ನಮಗಿಲ್ಲ.

ಕೆ.ಡಿ. ಕೆಂಪಮ್ಮಳ ಪ್ರಕರಣ ನೋಡಿ. 2007ರ ಕೊನೆಯಲ್ಲಿ ಬಂಧನವಾದ, ‘ಸೈನೈಡ್ ಮಲ್ಲಿಕಾ’ ಎಂದೇ ಪ್ರಚಾರವಾದ ಈಕೆ ಬೆಂಗಳೂರಿನ ಸುತ್ತಮುತ್ತಲ ದೇವಸ್ಥಾನಗಳಲ್ಲಿ ಕಷ್ಟ ಹೇಳಿಕೊಳ್ಳುವ ಹೆಂಗಸರನ್ನು ಪರಿಚಯ ಮಾಡಿಕೊಳ್ಳುತ್ತಿದ್ದಳು. ವಿಶೇಷ ಪೂಜೆ ಮಾಡಿಸೋಣ, ಒಳ್ಳೆಯ ಸೀರೆ ಉಟ್ಟು ಒಡವೆ ಹಾಕಿಕೊಂಡು ಬನ್ನಿ ಎನ್ನುತ್ತಿದ್ದಳು. ಕೊನೆಗೆ ತೀರ್ಥದಲ್ಲಿ ಸೈನೈಡ್. ಇಲ್ಲಿ ಔಷಧಿಯ ಜಾಗಕ್ಕೆ ತೀರ್ಥ ಬಂದಿದೆ, ಉಳಿದ ಮೂರು ಮೆಟ್ಟಿಲು ಹಾಗೇ ಇವೆ. ಸರಣಿ ಹಂತಕರು ಗಂಡಸರೇ ಆಗಿರಬೇಕಿಲ್ಲ ಎನ್ನುವುದೂ ಇದರಿಂದ ಗೊತ್ತಾಗುತ್ತದೆ.

ಸಂಶೋಧಕರು ಏನು ಹೇಳುತ್ತಾರೆ?

ಅಮೆರಿಕದ ಅಪರಾಧಶಾಸ್ತ್ರಜ್ಞ ಸ್ಟೀವನ್ ಎಗ್ಗರ್ 1980ರ ದಶಕದಲ್ಲಿ ಒಂದು ಪದ ಚಾಲ್ತಿಗೆ ತಂದರು. ಕನ್ನಡದಲ್ಲಿ ಅದನ್ನು ‘ಕೊಂಡಿ ಕಾಣದ ಕುರುಡು’ ಎನ್ನಬಹುದು. ಒಂದು ಠಾಣೆಯವರಿಗೆ ಇನ್ನೊಂದು ಠಾಣೆಯ ಕಡತದಲ್ಲಿ ಏನಿದೆ ಗೊತ್ತಿರುವುದಿಲ್ಲ, ಹಾಗಾಗಿ ಒಬ್ಬನೇ ಮಾಡಿದ ಹತ್ತು ಕೊಲೆಗಳು ಹತ್ತು ಬಿಡಿ ಘಟನೆಗಳಂತೆ ಕಾಣುತ್ತವೆ. ಅವರದೇ ಇನ್ನೊಂದು ಮಾತು ‘ಕಡಿಮೆ ಸತ್ತವರು’. ಸಮಾಜ ಬದುಕಿದ್ದಾಗಲೇ ಲೆಕ್ಕಕ್ಕೆ ಇಡದ ಬಡವರು, ವಲಸಿಗರು, ಲೈಂಗಿಕ ಕಾರ್ಯಕರ್ತೆಯರು, ಒಂಟಿ ಮಹಿಳೆಯರು ಸತ್ತಾಗಲೂ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದರ ಅರ್ಥ.

ಮೊದಲ ತೊಂದರೆಗೆ ತಂತ್ರಜ್ಞಾನದ ಪರಿಹಾರ ಇದೆ. ಮೋಹನ್ ಸಿಕ್ಕಿಬಿದ್ದ 2009ರಲ್ಲೇ ದೇಶದ ಠಾಣೆಗಳನ್ನೆಲ್ಲ ಒಂದೇ ಕಂಪ್ಯೂಟರ್ ಜಾಲಕ್ಕೆ ತರುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಎರಡನೆಯದನ್ನು ಯಾವ ಕಂಪ್ಯೂಟರೂ ಸರಿಮಾಡಲಾರದು. ಯಾಕೆಂದರೆ ದೂರೇ ಬರದಿದ್ದರೆ ಜಾಲಕ್ಕೆ ಹಾಕುವುದಾದರೂ ಏನನ್ನು?

ಫಾರ್ವರ್ಡ್ ಹೇಳುವುದೇನು, ವಾಸ್ತವವೇನು?

‘ಸರಣಿ ಹಂತಕ ಮಹಾ ಬುದ್ಧಿವಂತ.’
ಪೆಟಿಯೊ ಪತ್ರಿಕೆಗೆ ಕೈಬರಹದ ಕಾಗದ ಬರೆದು ಸಿಕ್ಕಿಬಿದ್ದ. ಮೋಹನ್ ಕೊಂದವರ ಫೋನುಗಳನ್ನೇ ಬಳಸಿ ಸಿಕ್ಕಿಬಿದ್ದ. ಹುಡುಕಲು ಶುರು ಮಾಡಿದ ಮೇಲೆ ಇಬ್ಬರೂ ತಿಂಗಳುಗಳಲ್ಲಿ ಸಿಕ್ಕರು. ಶುರುವಾಗಲು ಹಿಡಿದದ್ದು ವರ್ಷಗಳು.

‘ನೋಡಿದರೇ ಗೊತ್ತಾಗುತ್ತದೆ, ಅವರ ಮುಖವೇ ಬೇರೆ.’
ಗೊತ್ತಾಗುವುದಿಲ್ಲ. ಮೋಹನ್‌ಗೆ ಮನೆ, ಸಂಸಾರ ಇತ್ತು. ಕೆಲವೊಮ್ಮೆ ಮೈಮೇಲೆ ಸಮವಸ್ತ್ರವೂ ಇರುತ್ತದೆ. ಲಂಡನ್‌ನಲ್ಲಿ ಜಾನ್ ಕ್ರಿಸ್ಟಿ ಎಂಬವನು ಕಳವಿನ ಅಪರಾಧಗಳಿಗೆ ಜೈಲು ಕಂಡಿದ್ದರೂ ಎರಡನೇ ಮಹಾಯುದ್ಧದ ಕಾಲದಲ್ಲಿ ಮೀಸಲು ಪೊಲೀಸ್ ಆಗಿ ಸೇರಿಕೊಂಡ. ಅವನ ಹಿನ್ನೆಲೆ ಯಾರೂ ಪರಿಶೀಲಿಸಲಿಲ್ಲ. ಆ ಕೆಲಸದಲ್ಲಿದ್ದಾಗಲೇ, 1943ರಲ್ಲಿ, ಕೊಲೆ ಶುರುಮಾಡಿದ. ಅವನಿದ್ದ ಕಟ್ಟಡದಲ್ಲೇ ಬಾಡಿಗೆಗಿದ್ದ ತಿಮೊತಿ ಇವಾನ್ಸ್ ಎಂಬ ಯುವಕನನ್ನು ಮಗಳನ್ನು ಕೊಂದನೆಂದು 1950ರಲ್ಲಿ ಗಲ್ಲಿಗೇರಿಸಲಾಯಿತು. ವಿಚಾರಣೆಯಲ್ಲಿ ಮುಖ್ಯ ಸಾಕ್ಷಿ ಹೇಳಿದವನು ಇದೇ ಕ್ರಿಸ್ಟಿ. 1953ರಲ್ಲಿ ಕ್ರಿಸ್ಟಿ ಸಿಕ್ಕಿಬಿದ್ದ ಮೇಲೆ ಸತ್ಯ ಹೊರಬಂತು. ಇವಾನ್ಸ್‌ಗೆ 1966ರಲ್ಲಿ ಕ್ಷಮಾದಾನ ಸಿಕ್ಕಿತು, ಸತ್ತು 16 ವರ್ಷದ ನಂತರ.

ಹತ್ತಿರದ ಉದಾಹರಣೆ ಬೇಕೆಂದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ಉಮೇಶ್ ರೆಡ್ಡಿ. ಸಿಆರ್‌ಪಿಎಫ್‌ನಲ್ಲಿದ್ದವನು, ಅಲ್ಲಿಂದ ಬಂದು ಚಿತ್ರದುರ್ಗದ ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ ಸೇರಿದ್ದ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳೆಯೊಬ್ಬರ ಅತ್ಯಾಚಾರ ಮತ್ತು ಕೊಲೆಗೆ ಮರಣದಂಡನೆಯಾಯಿತು. ಕಾನೂನು ಮೀರಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿ ಇಟ್ಟಿದ್ದ ಕಾರಣಕ್ಕೆ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಅದನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು.

‘ಸೈನೈಡ್ ಇದ್ದರೆ ಬಾದಾಮಿ ವಾಸನೆ ಬರುತ್ತದೆ, ಮೂಸಿ ನೋಡಿದರೆ ಗೊತ್ತಾಗುತ್ತದೆ.’
ಕಹಿ ಬಾದಾಮಿಯಂತಹ ವಾಸನೆ ಇರಬಹುದು. ಆದರೆ ಹಲವರ ಮೂಗಿಗೆ ಹುಟ್ಟಿನಿಂದಲೇ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಮೂಸಿ ಪರೀಕ್ಷಿಸುವುದು ಅಪಾಯ. ಸೈನೈಡ್ ನಮ್ಮ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಮೆದುಳು, ಹೃದಯ ಉಸಿರುಗಟ್ಟಿದಂತಾಗುತ್ತವೆ. ‘ಮದ್ದೇ ಇಲ್ಲ’ ಎನ್ನುವುದೂ ತಪ್ಪು. ಹೈಡ್ರಾಕ್ಸೊಕೊಬಾಲಮಿನ್‌ನಂತಹ ಪ್ರತಿವಿಷಗಳಿವೆ. ಆದರೆ ಸಮಯ ತೀರಾ ಕಡಿಮೆ ಇರುತ್ತದೆ. ಅನುಮಾನ ಬಂದರೆ ಮನೆಮದ್ದು ಹುಡುಕದೆ 108 ಅಥವಾ 112ಕ್ಕೆ ಕರೆ ಮಾಡಿ.

‘ಗರ್ಭನಿರೋಧಕ ಮಾತ್ರೆಯೇ ಅಪಾಯ, ಅದರಿಂದಲೇ ಸತ್ತರು.’
ಸಂಪೂರ್ಣ ತಪ್ಪು. ಅವರಿಗೆ ಕೊಟ್ಟದ್ದು ಗರ್ಭನಿರೋಧಕವೇ ಅಲ್ಲ. ಔಷಧಿ ಅಂಗಡಿಯ ಮಾತ್ರೆ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇರುವ ಪೊಟ್ಟಣದಲ್ಲಿ ಬರುತ್ತದೆ. ಶೌಚಾಲಯದ ಒಳಗೇ ಹೋಗಿ ನುಂಗಬೇಕಾದ ಗರ್ಭನಿರೋಧಕ ಮಾತ್ರೆ ಯಾವುದೂ ಇಲ್ಲ. ಪೊಟ್ಟಣವಿಲ್ಲದ ಮಾತ್ರೆಯನ್ನು, ಹೆಸರಿಲ್ಲದ ಇಂಜೆಕ್ಷನ್ನನ್ನು ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ.

‘24 ಗಂಟೆ ಆಗದೆ ಪೊಲೀಸರು ದೂರು ತಗೊಳ್ಳುವುದಿಲ್ಲ.’
ಇದು ಸಿನಿಮಾಗಳಿಂದ ಬಂದ ನಂಬಿಕೆ. ಅಂತಹ ನಿಯಮವಿಲ್ಲ. ಮಗು ಕಾಣೆಯಾದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ವದಂತಿಯೂ ಕೊಲ್ಲುತ್ತದೆ

ಭಯದ ಕಥೆಗಳನ್ನು ಹಂಚಿದರೆ ಜನ ಎಚ್ಚರವಾಗಿರುತ್ತಾರೆ, ನಷ್ಟವೇನು ಎಂದು ಕೇಳುವವರಿದ್ದಾರೆ. 2018ರಲ್ಲಿ ಕರ್ನಾಟಕದಲ್ಲೇ ಅದಕ್ಕೆ ಉತ್ತರ ಸಿಕ್ಕಿದೆ.

ಆ ವರ್ಷ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶಗಳು ಊರೂರು ಸುತ್ತಿದವು. ಜೊತೆಗೆ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದುಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿ ಹರಿಬಿಡಲಾಗಿತ್ತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಇಂಜಿನಿಯರ್ ಒಬ್ಬರನ್ನು ಕೊಂದರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ದೇಶದಲ್ಲಿ ಇಂತಹ ಸಾವುಗಳು ಹೆಚ್ಚಿದ ಮೇಲೆ ವಾಟ್ಸಾಪ್ ಅದೇ ಜುಲೈನಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದಿತು.

ಎರಡನ್ನೂ ಹೋಲಿಸಿ ನೋಡಿ. ಇಲ್ಲದ ಮಕ್ಕಳ ಕಳ್ಳನ ಮೇಲೆ ಊರೇ ಎದ್ದಿತು. ನಿಜವಾಗಿ ಕಾಣೆಯಾದ 20 ಮಹಿಳೆಯರಲ್ಲಿ ಬಹುಪಾಲು ಜನರಿಗಾಗಿ ಯಾರೂ ಏಳಲಿಲ್ಲ.

ನಮ್ಮ ಕಡೆಗೆ ಇದು ಯಾಕೆ ಮುಖ್ಯ?

ವರವು ಕಾವಲ್ ಸುತ್ತಿನ ಹಳ್ಳಿಗಳಿರಲಿ, ಚಳ್ಳಕೆರೆ, ಮೊಳಕಾಲ್ಮೂರು ಪೇಟೆಗಳಿರಲಿ, ಮಳೆ ಕೈಕೊಟ್ಟರೆ ಜನ ಬೆಂಗಳೂರಿಗೋ ಇನ್ನೆಲ್ಲಿಗೋ ದುಡಿಯಲು ಗುಳೆ ಹೋಗುತ್ತಾರೆ. ಗಾರ್ಮೆಂಟ್ಸ್, ಕಟ್ಟಡ ಕೆಲಸ, ಮನೆಗೆಲಸ ಎಂದು ಹೋದವರ ವಿಳಾಸ ಮನೆಯವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಎರಡು ತಿಂಗಳು ಫೋನ್ ಬರದಿದ್ದರೆ ‘ನಂಬರ್ ಬದಲಾಗಿರಬೇಕು’ ಅಂದುಕೊಳ್ಳುತ್ತೇವೆ. ಜೊತೆಗೆ ಮೊಳಕಾಲ್ಮೂರಿನಿಂದ ಸ್ವಲ್ಪ ಮುಂದೆ ಹೋದರೆ ಆಂಧ್ರದ ರಾಯದುರ್ಗ. ರಾಜ್ಯ ಬೇರೆ, ಪೊಲೀಸರು ಬೇರೆ, ಕಡತದ ಭಾಷೆಯೂ ಬೇರೆ. ‘ಕೊಂಡಿ ಕಾಣದ ಕುರುಡು’ ಹುಟ್ಟಿಕೊಳ್ಳುವುದು ಇಂಥ ಗಡಿಗಳಲ್ಲೇ.

ಯಾರಾದರೂ ಕಾಣೆಯಾದರೆ ಏನು ಮಾಡಬೇಕು?

- ತಕ್ಷಣ ದೂರು ಕೊಡಿ. ಹತ್ತಿರದ ಯಾವ ಠಾಣೆಯಾದರೂ ಸರಿ. ಅಪರಾಧದ ಅನುಮಾನವಿದ್ದರೆ ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ‘ಜೀರೋ ಎಫ್‌ಐಆರ್’ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲಿ ಇದಕ್ಕೆ ಅವಕಾಶವಿದೆ.
- ಎಫ್‌ಐಆರ್ ಪ್ರತಿ ಕೇಳಿ. ಅದನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು.
- ಕೊಡಬೇಕಾದ ವಿವರ: ಇತ್ತೀಚಿನ ಫೋಟೊ, ಮೈಮೇಲಿನ ಗುರುತು, ಹೊರಟಾಗ ಉಟ್ಟ ಬಟ್ಟೆ, ಹಾಕಿದ್ದ ಒಡವೆ, ಫೋನ್ ನಂಬರ್, ಕೊನೆಗೆ ಮಾತಾಡಿದ ನಂಬರುಗಳು. ಮೋಹನ್ ಪ್ರಕರಣದ ಗಂಟು ಬಿಚ್ಚಿದ್ದು ಫೋನ್ ಕರೆಗಳಿಂದ ಎಂಬುದು ನೆನಪಿರಲಿ.
- ಸಹಾಯವಾಣಿಗಳು: ತುರ್ತು 112, ಮಹಿಳೆಯರಿಗೆ 181, ಮಕ್ಕಳಿಗೆ 1098.
- ಕಾಣೆಯಾದವರ ಪೋಸ್ಟ್ ಹಂಚುವ ಮುನ್ನ ದಿನಾಂಕ, ಠಾಣೆಯ ಹೆಸರು, ಸಂಪರ್ಕ ನಂಬರ್ ಇದೆಯೇ ನೋಡಿ. ಸಿಕ್ಕ ಮೇಲೆ ಆ ಪೋಸ್ಟ್ ಅಳಿಸಿ.

ಮನೆಯ ಹೆಣ್ಣುಮಕ್ಕಳಿಗೆ, ತಂಗಿಯರಿಗೆ ಹೇಳುವ ಮಾತೂ ಒಂದಿದೆ. ‘ಯಾರನ್ನೂ ಪ್ರೀತಿಸಬೇಡ’ ಎಂದು ಹೇಳಿದರೆ ಅವರು ಗುಟ್ಟು ಮಾಡುತ್ತಾರೆ, ಹಂತಕನಿಗೆ ಬೇಕಾದದ್ದೂ ಆ ಗುಟ್ಟೇ. ‘ಯಾರ ಜೊತೆ ಹೋದರೂ ಅವರ ಹೆಸರು, ನಂಬರ್, ಹೋಗುವ ಊರು ಒಬ್ಬರಿಗಾದರೂ ಹೇಳಿ ಹೋಗು, ನಾವು ಬೈಯುವುದಿಲ್ಲ’ ಎಂದು ಹೇಳಿದರೆ ಅವರ ಬಗ್ಗೆ ಒಬ್ಬರಿಗಾದರೂ ಗೊತ್ತಿರುತ್ತದೆ. ನಿಜವಾಗಿಯೂ ಯಾರನ್ನೋ ಮೆಚ್ಚಿ ಹೋದವಳಾಗಿದ್ದರೂ ದೂರಿನಿಂದ ಆಕೆಗೆ ನಷ್ಟವಿಲ್ಲ. ವಯಸ್ಕಳಾಗಿದ್ದರೆ, ನನ್ನ ಇಷ್ಟದಿಂದ ಬಂದಿದ್ದೇನೆ ಎಂದು ಪೊಲೀಸರಿಗೆ ಹೇಳಿ ತನ್ನ ಪಾಡಿಗೆ ಇರುವ ಹಕ್ಕು ಆಕೆಗಿದೆ. ಹಾಗೆ ಹೇಳಲು ಆಕೆ ಜೀವಂತ ಇದ್ದಾಳೆಯೇ ಎಂದು ತಿಳಿದುಕೊಳ್ಳುವುದು ಊರಿನ ಕೆಲಸ.

ಮುಂದಿನ ಸಲ ಯಾರಾದರೂ ‘ಅವಳಾ? ಓಡಿಹೋದಳಂತೆ’ ಎಂದರೆ ಒಂದು ಪ್ರಶ್ನೆ ಕೇಳಿ: ‘ಆಮೇಲೆ ಅವಳ ಜೊತೆ ಮಾತಾಡಿದವರು ಯಾರು?’ ಯಾರೂ ಇಲ್ಲ ಎಂಬ ಉತ್ತರ ಬಂದರೆ, ಇನ್ನೂ ದೂರು ಕೊಟ್ಟಿಲ್ಲವಾದರೆ, ಅವತ್ತೇ ಠಾಣೆಗೆ ಹೋಗಿ.